ಖಾಲಿ ತಗ್ಗು, ತುಂಬಿದ ಹೊಟ್ಟೆಕಿಚ್ಚು

ಊರಿಗೆ ನೀರು ಬಿಡುವವನ ಬದುಕಿನಲ್ಲಿ ನಗೆಪಾಟಲಿಗೆ ಬರ ಎಂಬುದೇ ಇಲ್ಲ. ನಳದಲ್ಲಿ ನೀರು ನಿಂತರೂ ನಿಂತೀತು, ಇಂಥ ಪ್ರಸಂಗಗಳು ಮಾತ್ರ ದಿನಾ ಬರುತ್ತಲೇ ಇರುತ್ತವೆ.

ನಾನು ಆಳಂದದಿಂದ ನರೋಣಾಕ್ಕೆ ಹೋಗುವ ದಾರಿಯ ಒಂದು ಊರಿನ ವಾಟರ್‌ಮನ್. ಇಪ್ಪತ್ತೆರಡು ವರ್ಷದಿಂದ ಪಂಚಾಯಿತಿಯ ವಾಲ್ವ್ ತಿರುಗಿಸಿ ತಿರುಗಿಸಿ ನನ್ನ ಬಲಗೈ ಎಡಗೈಗಿಂತ ದಪ್ಪವಾಗಿದೆ. ಇಷ್ಟು ವರ್ಷ ಊರಲ್ಲಿ ನೀರಿನ ವಿಷಯಕ್ಕೆ ನನ್ನದೇ ಕೊನೆಯ ಮಾತಾಗಿತ್ತು. "ನೀರು ಹ್ಯಾಂಗದ?" ಅಂತ ಯಾರಾದರೂ ಕೇಳಿದರೆ, ಒಂದು ಬೊಗಸೆ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ನಾಲಿಗೆಯ ಮೇಲೆ ಹೊರಳಾಡಿಸಿ "ಚಲೋ ಅದ" ಅನ್ನುತ್ತಿದ್ದೆ. ಅಷ್ಟಕ್ಕೇ ಊರೆಲ್ಲ ಕುಡಿಯುತ್ತಿತ್ತು.

ಆಮೇಲೆ ಅವಳು ಬಂದಳು. ಬಾವಿ ಓಣಿಯ ಸೊಸೆ, ಮಹಿಳಾ ಸಂಘದವಳು. ಆಳಂದಕ್ಕೆ ಹೋಗಿ ಎರಡು ದಿನ ತರಬೇತಿ ಮುಗಿಸಿಕೊಂಡು, ನೀರು ಪರೀಕ್ಷೆ ಮಾಡುವ ನೀಲಿ ಡಬ್ಬಿಯೊಂದನ್ನು ಕಂಕುಳಲ್ಲಿಟ್ಟುಕೊಂಡು ಬಸ್ಸಿನಿಂದ ಇಳಿದಳು. ಮೂರನೆಯ ದಿನಕ್ಕೆ ಊರು ಅವಳನ್ನು "ಕಿಟ್ ಅಕ್ಕೋರು" ಎಂದು ಕರೆಯತೊಡಗಿತು. ನಮ್ಮ ಕಡೆ ಅಕ್ಕೋರು ಎಂದರೆ ಶಾಲೆಯ ಟೀಚರಮ್ಮನಿಗೆ ಕೊಡುವ ಗೌರವ. ನನ್ನನ್ನು ಇಪ್ಪತ್ತೆರಡು ವರ್ಷದಿಂದ ಇದೇ ಊರು "ಏ ನಳದಾವಾ" ಎಂದು ಕರೆಯುತ್ತಿದೆ. ಮುಚ್ಚಿಡುವುದೇನು ಬಂತು, ನನಗೆ ಹೊಟ್ಟೆಕಿಚ್ಚಾಯಿತು. ಮುಂದೆ ಹೇಳುವುದೆಲ್ಲ ಅದರದೇ ಪ್ರತಾಪ.

೧. ನಾಲಿಗೆಯ ಪರೀಕ್ಷೆ

ನಮ್ಮೂರಿನ ಮಾನವೆಲ್ಲ ಒಂದು ಸೇದುವ ಬಾವಿಯಲ್ಲಿದೆ. ನಳದಲ್ಲಿ ಬರುವುದು ಬೋರಿನ ನೀರು. ಅದರಲ್ಲಿ ತೊಗರಿಬೇಳೆ ಮಧ್ಯಾಹ್ನದವರೆಗೆ ಕುದಿಸಿದರೂ ಕಾಳು ಕಾಳಾಗಿಯೇ ಇರುತ್ತದೆ. ಬಾವಿಯ ನೀರಿನಲ್ಲಾದರೆ ಎರಡು ಕುದಿಗೆ ಬೆಣ್ಣೆಯಾಗುತ್ತದೆ. ತೊಗರಿ ಬೆಳೆಯುವ ಸೀಮೆಯಲ್ಲಿ ಬೇಳೆ ಬೇಯದಿದ್ದರೆ ಹೆಂಗಸರು ಸುಮ್ಮನಿರುತ್ತಾರೆಯೇ? ಅದರಲ್ಲೂ ಬಾವಿಯ ಎದುರಿಗೆ, ನಮ್ಮ ಓಣಿಯ ಕೊನೆಯ ಮನೆಯಲ್ಲಿ ಒಬ್ಬ ಮುದುಕಿ ಇದ್ದಾಳೆ. ಊರಿಗೆಲ್ಲ ಆಕೆ 'ಆಯಿ', ಅಂದರೆ ಅಜ್ಜಿ. ಬಾಯಲ್ಲಿ ಒಂದೂ ಹಲ್ಲಿಲ್ಲ, ಮಾತಿಗೆ ಮಾತ್ರ ಎರಡು ಸಾಲು ಹಲ್ಲು. ಬಾವಿ ನೀರಿನ ಬೇಳೆಯೇ ಆಕೆಯ ಊಟ.

ಕಿಟ್ ಅಕ್ಕೋರು ಮೊದಲು ಕೈ ಹಚ್ಚಿದ್ದೇ ಈ ಬಾವಿಗೆ. ಮಳೆ ಹಿಡಿದ ಹೊಸದು. ಅವರ ಡಬ್ಬಿಯಲ್ಲಿ ಹೆಬ್ಬೆರಳುದ್ದದ ಬಾಟಲಿಗಳಿವೆ, ಒಳಗೆ ಮೊದಲೇ ಔಷಧಿ ಇರುತ್ತದೆ. ಗೆರೆಯವರೆಗೆ ನೀರು ತುಂಬಿ, ಮುಚ್ಚಿ, ಒಂದು ದಿನ ಇಡಬೇಕು. ಹೊಲಸು ಸೇರಿದ ನೀರಾದರೆ ಕರ್ರಗಾಗುತ್ತದೆ, ಕುಡಿಯುವ ನೀರಾದರೆ ಕರ್ರಗಾಗುವುದಿಲ್ಲ. ಬಾವಿಯ ನೀರು ತುಂಬಿ ಪಂಚಾಯಿತಿ ಕಿಟಕಿಯಲ್ಲಿಟ್ಟರು. ನಾನು ಅಲ್ಲೇ ನಿಂತು ಒಂದು ಬೊಗಸೆ ಕುಡಿದು, "ಬಾಟಲಿಗ್ಯಾಕ ತ್ರಾಸು ಕೊಡ್ತೀರಿ, ಸಕ್ರಿ ಆಗ್ಯಾದ ನೀರು" ಎಂದು ನಾಲ್ಕು ಜನರಿಗೆ ಕೇಳುವಂತೆ ಹೇಳಿದೆ.

ಮರುದಿನ ಬಾಟಲಿ ಒಲೆಯ ಮಸಿಯಷ್ಟು ಕರ್ರಗಿತ್ತು.

ಬಾವಿಗೆ ಜಾಳಿಗೆ ಮುಚ್ಚಿದರು. 'ಕುಡಿಯಲು ಅಲ್ಲ' ಎಂಬ ಕೆಂಪು ಹಲಗೆ ತೂಗಿತು. ಜನ ಸೇರಿದರು. ಆಯಿ ಕೋಲೂರಿಕೊಂಡು ನೇರ ನನ್ನ ಮುಂದೆಯೇ ಬಂದು ನಿಂತಳು.

"ಇಷ್ಟ ವರ್ಷ ಚಲೋ ಅದ, ಚಲೋ ಅದ ಅಂತ ಕುಡಿಸಿದಿ. ಬಾಟಲಿ ಒಂದ ದಿನದಾಗ ಕರ್ರಗಾತು. ನಿನ್ನ ನಾಲಿಗಿ ಏನಾಗ್ಯಾದ, ತೋರಸಲೇ ನೋಡಮು."

ನನ್ನ ನಾಲಿಗೆಗೆ ಏನಾಗಿದೆ, ನೋಡಿಕೊಳ್ಳಲಿ ಎಂದು ನಾನೂ ಧೈರ್ಯದಿಂದ ಪೂರಾ ಚಾಚಿದೆ. ದಾರಿಯಲ್ಲಿ ಒಂದು ಪೊಟ್ಟಣ ನೇರಳೆಹಣ್ಣು ತಿಂದು ಬಂದಿದ್ದು ಆಗ ನೆನಪಿಗೇ ಬರಲಿಲ್ಲ.

೨. ಮೊಣಕಾಲು ಮತ್ತು ಸೊಂಟ

ಆಳಂದದಿಂದ ಇಂಜಿನಿಯರ್ ಸಾಹೇಬರು ಬಂದರು. ಬಾವಿಯ ಸುತ್ತ ತಿರುಗಿ, ನಮ್ಮ ಅಗಸಿ ಓಣಿ ಹತ್ತಿ, ಬಾವಿ ಓಣಿ ಇಳಿದು, ಕೊನೆಗೆ ಹೇಳಿದರು: "ಬ್ಯಾನಿ ಬಾವಿಗಿಲ್ಲ. ಬ್ಯಾನಿ ನಿಮ್ಮ ಓಣಿಗಳಿಂದ ಹರಕೋತ ಬರಾಕತ್ತದ."

ಮಾತು ಖರೆ. ಎರಡೂ ಓಣಿ ಬಾವಿಯ ಕಡೆಗೇ ಇಳಿಜಾರು. ಮಳೆ ಬಂದರೆ ಸಗಣಿ, ಸಾಬೂನಿನ ನೊರೆ, ಮುಸುರೆ ಎಲ್ಲ ಕೂಡಿಕೊಂಡು ಬಾವಿಯ ಬಾಯಿಗೆ ಬರುತ್ತಿತ್ತು. ಅದಕ್ಕೆ ಸಾಹೇಬರು ಒಂದು ಉಪಾಯ ಹೇಳಿದರು, ಮಳೆ ತೋಟ. ಓಣಿಯ ಕೊನೆಯಲ್ಲಿ ಅಗಲವಾಗಿ ಒಂದು ತಗ್ಗು ತೋಡಿ, ಕಲ್ಲು ಉಸುಕು ತುಂಬಿ, ಮೇಲೆ ಬೇರು ಬಿಡುವ ಗಿಡ ಹಚ್ಚಬೇಕು. ಹರಿದು ಬಂದ ಮಳೆ ನೀರು ಅಲ್ಲಿ ನಿಂತು, ಹೊಲಸು ಮೇಲೆ ಬಿಟ್ಟು, ತಿಳಿಯಾಗಿ ಭೂಮಿಗೆ ಇಳಿಯುತ್ತದೆ. ಬೇಸಿಗೆಯಲ್ಲಿ ಬಾವಿ ತೊಳೆಯುವುದು, ಮುಂದಿನ ಮಳೆಗಾಲ ಮುಗಿದ ಮೇಲೆ ಮತ್ತೆ ಬಾಟಲಿ ಇಡುವುದು. ಕರ್ರಗಾಗದಿದ್ದರೆ ಹಲಗೆ ತೆಗೆಯುವುದು ಎಂದು ಊರೆಲ್ಲ ಒಪ್ಪಿತು.

ಬಾವಿ ಓಣಿಯ ತೋಟಕ್ಕೆ ಕಿಟ್ ಅಕ್ಕೋರೇ ಮುಖ್ಯಸ್ಥರಾದರು. ಅಗಸಿ ಓಣಿಯ ತೋಟಕ್ಕೆ ನಾನೇ ಎಂದು ನಾನೇ ಹೇಳಿಕೊಂಡೆ. ಬಾವಿ ಇನ್ನು ಯಾರ ಕೈಯಿಂದ ತೆರೆಯುತ್ತದೋ ನೀರಿನ ಮಾತು ಅವರದೇ ಎಂಬುದು ನನಗೆ ಗೊತ್ತಿತ್ತು. ಅದು ನನ್ನ ಕೈಯೇ ಆಗಬೇಕಿತ್ತು.

ಕಲ್ಲು ಉಸುಕು ತುಂಬಿದ ಮೇಲೆ ಮೊಣಕಾಲುದ್ದ ತಗ್ಗು ಉಳಿಯಲಿ ಎಂದಿದ್ದರು ಸಾಹೇಬರು. ಅಕ್ಕೋರ ಓಣಿಯವರು ಹಗ್ಗ ಹಿಡಿದು ಅಳೆದು ಮೊಣಕಾಲುದ್ದವೇ ಉಳಿಸಿದರು. ನಮ್ಮದೂ ಅಷ್ಟೇ ಇದ್ದರೆ ನಮ್ಮ ಹೆಚ್ಚುಗಾರಿಕೆ ಏನುಳಿಯಿತು? "ಸೊಂಟದುದ್ದ ಹೊಡೀರಿ" ಎಂದೆ ನಮ್ಮವರಿಗೆ. ಅಗಲದಲ್ಲಿ ಅವರನ್ನು ಮೀರಿಸಲು ಜಾಗ ಇರಲಿಲ್ಲ, ಆಳಕ್ಕೆ ಯಾರ ಅಡ್ಡಿ? ಎರೆ ಮಣ್ಣು ಗುದ್ದಲಿಗೆ ಅಂಟಿಕೊಂಡು ಬರುತ್ತಿತ್ತು. ನಾಲ್ಕು ದಿನ ಬೆವರು ಸುರಿಸಿ ಉದ್ದಕ್ಕೆ, ಚೌಕಾಗಿ, ಅಂಚು ನೀಟಾಗಿ ಕೆತ್ತಿ ನಿಲ್ಲಿಸಿದೆವು. ನಾನು ಒಳಗೆ ನಿಂತು ಕೈಕಟ್ಟಿಕೊಂಡು, ಯಾರಾದರೂ ಬಂದು ನೋಡಲಿ ಎಂದು ಕಾಯುತ್ತಿದ್ದೆ.

ಆಯಿ ಬಂದಳು. ತಗ್ಗಿನ ಅಂಚಿನಲ್ಲಿ ನಿಂತಳು. ಸೆರಗು ತಲೆಯ ಮೇಲೆ ಎಳೆದುಕೊಂಡು, ದನಿ ಇಳಿಸಿ ಕೇಳಿದಳು:

"ಯಾರು ಹೋದ್ರಪಾ? ನನಗ ಯಾರೂ ಹೇಳೇ ಇಲ್ಲಲ್ಲ."

೩. ಚಹಾ ಕುಡಿದ ಪ್ರಸಂಗ

ಬೇಸಿಗೆಯಲ್ಲಿ ಬಾವಿ ತೊಳೆದಾಯಿತು. ಮುಂದಿನ ಮುಂಗಾರಿನ ಮೊದಲ ಹನಿಗೇ ಅಕ್ಕೋರ ತೋಟದ ಕಾಬಾಳೆ ಗಿಡಗಳು ಕೆಂಪಗೆ ಹೂ ಬಿಟ್ಟವು. ಒಳಗೆ ಲಾವಂಚ, ದಂಡೆಯ ಮೇಲೆ ನಿಂಬೆಯ ಘಮದ ಮಜ್ಜಿಗೆ ಹುಲ್ಲು, ಸುತ್ತ ಒಡೆದ ಫರ್ಸಿ ಹಾಸುಗಲ್ಲಿನ ತುಂಡುಗಳ ಸಾಲು. ಕಲ್ಲು ಉಸುಕು ಹಾಕಿದರೆ ಆಳ ಮುಚ್ಚೀತೆಂದು ಬಿಟ್ಟಿದ್ದರೂ ನಮ್ಮದರಲ್ಲೂ ಗಿಡ ಇದ್ದವು. ಸೊಂಟದುದ್ದ ತಗ್ಗಿನ ತಳದಲ್ಲಿದ್ದುದರಿಂದ ಬಗ್ಗಿ ನೋಡಿದವರಿಗೆ ಮಾತ್ರ ಕಾಣುತ್ತಿದ್ದವು.

ನನ್ನ ಹೆಂಡತಿ ಸಂಜೆಯಾದರೆ ಸಾಕು, "ಹೂವು ನೋಡಿ ಬರ್ತೇನಿ" ಎಂದು ಬಾವಿ ಓಣಿಯ ಕಡೆ ಹೊರಡುತ್ತಿದ್ದಳು. "ನಮ್ಮ ಓಣ್ಯಾಗ ತೋಟ ಇಲ್ಲೇನು?" ಎಂದರೆ, "ಅದನ್ನ ನೋಡಬೇಕಂದ್ರ ನಿಚ್ಚಣಿಕಿ ಬೇಕು" ಎನ್ನುತ್ತಿದ್ದಳು. ಕಟ್ಟಿಕೊಂಡವಳೇ ಹೀಗಂದರೆ ನಾನು ಯಾರಿಗೆ ಹೇಳಲಿ? ನಮ್ಮೂರ ಬುದ್ಧ ವಿಹಾರದ ಮೆಟ್ಟಿಲ ಮೇಲೆ ಒಬ್ಬನೇ ಕೂತು, ಬುದ್ಧನ ಮುಖ ನೋಡುತ್ತ ಶಾಂತಿ ತಂದುಕೊಳ್ಳಲು ನೋಡುತ್ತಿದ್ದೆ. ಅಲ್ಲಿಂದಲೂ ಆ ಕೆಂಪು ಹೂಗಳೇ ಕಾಣುತ್ತಿದ್ದವು.

ಒಂದು ದಿನ ಹೆಂಡತಿಯ ತಮ್ಮ ಬಂದ. ಗಾಣಗಾಪುರದಲ್ಲಿ ತೆಂಗಿನಕಾಯಿ, ಊದಿನಕಡ್ಡಿಯ ಅಂಗಡಿ ಇಟ್ಟವನು. ದಿನಕ್ಕೆ ನೂರಾರು ಊರಿನ ಜನರನ್ನು ನೋಡುವವನು. ಅವನಿಗಾದರೂ ನನ್ನ ಬೆಲೆ ತಿಳಿದೀತೆಂದು ಆಸೆಯಿಂದ ನಮ್ಮ ತೋಟಕ್ಕೆ ಕರೆದೊಯ್ದೆ. ಬಗ್ಗಿ ನೋಡಿ, "ಮಾಮಾ, ನೀರಿನ ಟಾಕಿ ಕಟ್ಟೋದು ಯಾವಾಗ ಮುಗೀತದ್ರಿ?" ಎಂದ. ವಾಪಸು ಬರುವಾಗ ಅಕ್ಕೋರ ತೋಟದ ಮುಂದೆ ನಿಂತು, ಕಾಬಾಳೆಗೆ ಕೆನ್ನೆ ತಾಗಿಸಿ ಮೊಬೈಲಿನಲ್ಲಿ ಐದಾರು ಫೋಟೋ ಹೊಡೆದುಕೊಂಡ. ಚೆನ್ನಾಗಿ ಬರಲೆಂದು ಕೊನೆಯದನ್ನು ನನ್ನ ಕೈಯಿಂದಲೇ ಹೊಡೆಸಿದ.

ಮನೆಗೆ ಬಂದರೆ ಹೆಂಡತಿ ಚಹಾ ಕೊಟ್ಟಳು. ಘಮ್ಮೆನ್ನುವ ಚಹಾ. ಮನಸ್ಸಿನ ಉರಿ ಅರ್ಧ ಇಳಿಯಿತು. ಮೈದುನನ ಮುಂದೆ ಒಂದು ಮಾತು ಹೇಳಲು ಇದೇ ಹೊತ್ತೆಂದು, "ನೋಡಪಾ, ಇಂಥ ಚಾ ನಿಮ್ಮ ಗಾಣಗಾಪುರದಾಗ ಸಿಗೂದಿಲ್ಲ. ಇದು ನಾನು ಬಿಡೋ ನಳದ ನೀರಿನ ಗುಣ" ಎಂದೆ. ಎರಡನೇ ಕಪ್ಪಿಗೂ ಕೈ ಚಾಚಿದೆ.

ಹೆಂಡತಿ ಸೋಸುತ್ತಲೇ ಹೇಳಿದಳು: "ನಿಮ್ಮ ನಳದ ನೀರಿನ ಚಾ ನಿನ್ನಿ ಕುಡಿದ್ರಿ, ಅರ್ಧ ಬಿಟ್ರಿ. ಇದು ಅಕ್ಕೋರ ತೋಟದ ಹುಲ್ಲು."

೪. ಎಂಟು ದಿನದ ಕೆರೆ

ಮೊದಲ ದೊಡ್ಡ ಮಳೆ ಬಂತು. ಎರಡೂ ತಗ್ಗು ತುಂಬಿದವು. ಮರುದಿನ ಬೆಳಗಾಗುತ್ತಲೇ ಓಡಿ ಹೋಗಿ ನೋಡಿದೆ. ಅಕ್ಕೋರ ತಗ್ಗಿನಲ್ಲಿ ಅರ್ಧ ನೀರಿಲ್ಲ. ಇನ್ನೊಂದು ದಿನಕ್ಕೆ ಪೂರಾ ಖಾಲಿ! ನಮ್ಮದು ತುಂಬಿದ್ದು ತುಂಬಿದಂತೆ ಇತ್ತು.

ನನಗಾದ ಆನಂದ ಏನೆಂದು ಹೇಳಲಿ. ಮಳೆಗೆ ಮುಗಿಲು ನೋಡುವ ಸೀಮೆ ನಮ್ಮದು. ಇಲ್ಲಿ ನೀರು ತುಂಬಿ ನಿಂತರೆ ಅದೇ ಐಶ್ವರ್ಯ, ಖಾಲಿಯಾದರೆ ಅದೇ ದರಿದ್ರ. ಎದುರಿಗೆ ಸಿಕ್ಕವರನ್ನೆಲ್ಲ ಕರೆದು ತೋರಿಸಿದೆ. "ಅಕ್ಕೋರ ತಗ್ಗಿಗೆ ತೂತು ಬಿದ್ದದ. ಎರಡು ದಿನದ ತರಬೇತಿ ಅಂದ್ರ ಹೀಂಗ ಆಗ್ತದ" ಎಂದೆ. ಅಕ್ಕೋರು ಮಾತ್ರ ಖಾಲಿ ತಗ್ಗಿನಲ್ಲಿ ಬಿದ್ದ ಪ್ಲಾಸ್ಟಿಕ್ಕು ಆರಿಸುತ್ತ ಸುಮ್ಮನೆ ನಗುತ್ತಿದ್ದರು. ಆ ನಗು ನೋಡಿ ನನಗೆ ಇನ್ನಷ್ಟು ಉರಿಯಿತು.

ನಾಲ್ಕು ದಿನ ಬಿಸಿಲು ಬಿತ್ತು. ನಮ್ಮ ನೀರು ಒಂದು ಗೇಣು ಇಳಿಯಿತು. ನನ್ನ ಎದೆ ಧಸಕ್ಕೆಂದಿತು. ಆದರೆ ನಾನು ಯಾರು? ವಾಲ್ವ್ ಯಾರ ಕೈಯಲ್ಲಿದೆ? ಬೆಳಿಗ್ಗೆ ನಳ ಬಿಡುವ ಹೊತ್ತಿಗೆ ನಮ್ಮ ಓಣಿಯ ಪೈಪಿಗೆ ಒಂದು ರಬ್ಬರ್ ನಳಿಗೆ ಸಿಕ್ಕಿಸಿ, ತಗ್ಗಿಗೆ ಬಿಟ್ಟು, ಮತ್ತೆ ಅಂಚಿನವರೆಗೆ ತುಂಬಿಸಿಬಿಟ್ಟೆ. ಹೀಗೆ ದಿನಾ ನಡೆಯಿತು.

ಎಂಟನೆಯ ದಿನ ಇಂಜಿನಿಯರ್ ಸಾಹೇಬರು ಬಂದರು. ಜೊತೆಗೆ ಮಳೆ ತೋಟ ನೋಡಲೆಂದು ಜೇವರ್ಗಿ ಕಡೆಯಿಂದ ಒಂದು ಟಂಟಂ ಆಟೋ ತುಂಬ ಮಹಿಳಾ ಸಂಘದವರು. ಅವರು ಅಕ್ಕೋರ ತೋಟದ ಕಡೆ ಹೊರಟಿದ್ದರು. ನಾನು ಅಡ್ಡ ನಿಂತು, "ಮೊದಲ ಇಲ್ಲಿ ಬರ್ರಿ. ಅಲ್ಲೇನದ, ಖಾಲಿ ತಗ್ಗು" ಎಂದು ನಮ್ಮ ಓಣಿಗೆ ತಿರುಗಿಸಿದೆ.

ನಮ್ಮ ತೋಟದಲ್ಲಿ ಎರಡು ಎಮ್ಮೆ ಕಣ್ಣು ಮುಚ್ಚಿ ಮಲಗಿದ್ದವು. ಒಂದರ ಬಾಯಲ್ಲಿ ನಮ್ಮ ಕೊನೆಯ ಕಾಬಾಳೆ ಗಿಡವಿತ್ತು.

ನಾನು ಎದೆಗುಂದಲಿಲ್ಲ. "ಎಮ್ಮಿ ಬಿಡ್ರಿ ಸಾಹೇಬ್ರ, ನೀರು ನೋಡ್ರಿ. ಎಂಟು ದಿನ ಆತು, ಒಂದು ಬೊಟ್ಟು ಇಳಿದಿಲ್ಲ!"

ಸಾಹೇಬರು ತಲೆ ಮೇಲೆ ಕೈ ಇಟ್ಟುಕೊಂಡರು. "ಅಯ್ಯ ಮಾರಾಯ, ಎರಡು ದಿನದಾಗ ಇಳಿಬೇಕು! ಇಳಿದ್ರನ ತೋಟ, ನಿಂತ್ರ ಅದು ಸೊಳ್ಳಿ ಸಾಕೋ ಟಾಕಿ. ಖಾಲಿ ಆಗ್ಯಾದಲ್ಲ, ಅದರ ಅರ್ಥ ಅಕ್ಕೋರು ಮಾಡಿದ್ದು ಸರಿ ಅದ." ಆಮೇಲೆ ಬಗ್ಗಿ ನೋಡಿ, "ಅಲ್ಲಾ, ಎಷ್ಟ ಎರೆ ಮಣ್ಣಿದ್ರೂ ಈ ಬಿಸಿಲಿಗೆ ಒಂದು ಬೊಟ್ಟಾದ್ರೂ ಆರಬೇಕಲ್ಲ?" ಎಂದರು.

ಹುಲ್ಲಿನ ಮರೆಯಲ್ಲಿದ್ದ ರಬ್ಬರ್ ನಳಿಗೆಯನ್ನು ಆಯಿ ಕೋಲಿನ ತುದಿಯಿಂದ ಎತ್ತಿ ಹಿಡಿದಿದ್ದಳು.

"ನಾಕು ದಿನದಿಂದ ನನ್ನ ಕೊಡ ಅರ್ಧಾನೂ ತುಂಬವಲ್ದು, ಯಾಕಂತ ಈಗ ತಿಳೀತು. ನಾನು ಮುಖ ತೊಳಿಲಾಕ ನೀರಿಲ್ಲ, ಇವನ ಎಮ್ಮಿಗಿ ದಿನಾ ಜಳಕ."

೫. ಕಳೆದುಹೋದ ಚಪ್ಪಲಿ

ಆ ದಿನದಿಂದ ಓಣಿಯವರು ನನ್ನೊಡನೆ ಮಾತು ಬಿಟ್ಟರು. ತೋಟ ಸರಿಮಾಡಿಯೇ ಮುಖ ತೋರಿಸಬೇಕಾಯಿತು. ಹೇಗೆ ಸರಿಮಾಡುವುದೆಂದು ಗೊತ್ತಿದ್ದವರು ಇಬ್ಬರು. ಸಾಹೇಬರು ಆಳಂದದಲ್ಲಿದ್ದರು. ಇನ್ನೊಬ್ಬರನ್ನು ಕೇಳುವುದಕ್ಕಿಂತ ನಾಲಿಗೆ ಕಚ್ಚಿಕೊಳ್ಳುವುದು ಮೇಲು ಅನಿಸಿತ್ತು.

ಆದ್ದರಿಂದ ಮಧ್ಯಾಹ್ನ ಊರು ಊಟ ಮಾಡಿ ಅಡ್ಡಾದ ಹೊತ್ತಿಗೆ ಬಾವಿ ಓಣಿಗೆ ಹೋದೆ. ಯಾರೂ ಇರಲಿಲ್ಲ. ಅಕ್ಕೋರ ತೋಟದೊಳಗೆ ಇಳಿದು, ಮಂಡಿಯೂರಿ, ಬೆರಳಿನಿಂದ ಉಸುಕು ಕೆದರಿ ಕೆಳಗೇನು ಹಾಕಿದ್ದಾರೆಂದು ನೋಡತೊಡಗಿದೆ. ಮೊಣಕೈವರೆಗೆ ಕೈ ಇಳಿದಿತ್ತು. ಹಿಂದಿನಿಂದ ದನಿ ಬಂತು.

"ಕಾಕಾ, ಏನ್ ಹುಡಕಾಕತ್ತೀರಿ?"

ಕಿಟ್ ಅಕ್ಕೋರು. ಕೈಯಲ್ಲಿ ಕೊಡ.

"ಏನಿಲ್ಲವ್ವಾ," ಎಂದೆ. ಸುಳ್ಳು ತಾನಾಗಿ ಬಾಯಿಗೆ ಬಂತು. "ಚಪ್ಪಲಿ ಕಳಕೊಂಡೀನಿ. ನಾಯಿ ಕಚಕೊಂಡು ಈ ಕಡಿ ಬಂತು."

ಅಕ್ಕೋರು ಕೊಡ ಕೆಳಗಿಟ್ಟರು. ತೋಟದ ದಂಡೆಯ ಮೇಲೆ ಕೂತರು. ಶಾಲೆಯಲ್ಲಿ ಪಾಠ ಹೇಳಿದಂತೆ ನಿಧಾನವಾಗಿ ಹೇಳಿದರು: "ಮೊದಲ ಎರೆ ಮಣ್ಣು ಪೂರಾ ತಗೀಬೇಕ್ರಿ ಕಾಕಾ, ಕೆಳಗ ಕೆಂಪು ಗರಸು ಮಣ್ಣು, ಮರಮ್, ಸಿಗೋ ತನಕ. ಎರೆ ಮಣ್ಣು ನೀರು ಇಳಿಗೊಡೂದಿಲ್ಲ. ಮರಮಿನ ಮ್ಯಾಲ ದಪ್ಪ ಕಲ್ಲು, ಅದರ ಮ್ಯಾಲ ಸಣ್ಣ ಕಲ್ಲು, ಆಮ್ಯಾಲ ಉಸುಕು. ಮ್ಯಾಲ ಮೊಣಕಾಲುದ್ದ ಖಾಲಿ ಬಿಡಬೇಕು. ನೀರು ಒಳಗ ಬರೋ ಕಡಿ ನಾಕು ಫರ್ಸಿ ಇಡ್ರಿ, ಮಣ್ಣು ಕೊಚ್ಚೂದಿಲ್ಲ. ನಿಮ್ಮ ತಗ್ಗು ಆಳ ಅದ, ಇನ್ನ ಸ್ವಲ್ಪ ಕೆದರಿದ್ರ ಮರಮ್ ಸಿಗತದ. ಅರ್ಧ ಕೆಲಸ ನೀವು ಆಗಲೇ ಮಾಡೀರಿ."

ನಾನು ಪ್ರತಿಯೊಂದು ಮಾತನ್ನೂ ಮನಸ್ಸಿನಲ್ಲಿ ಬರೆದುಕೊಂಡೆ. ಒಳ್ಳೆಯದಾಗಿ ಹೇಳಿದರಲ್ಲ ಎಂದೂ ಉರಿಯಿತು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಆತವ್ವಾ, ನಾನು ಚಪ್ಪಲಿ ಹುಡಕತೇನಿ" ಎಂದು ಎದ್ದು, ಕೈ ಜಾಡಿಸಿ, ಬಿರಬಿರನೆ ಹೊರಟೆ.

"ಕಾಕಾ," ಎಂದು ಅಕ್ಕೋರು ಹಿಂದಿನಿಂದ ಕೂಗಿದರು, "ಎರಡೂ ನಿಮ್ಮ ಕಾಲಾಗೇ ಅವ."

೬. ಕರಿ ಬಾಟಲಿ

ತೋಟ ಸರಿಯಾಯಿತು. ಮರಮ್ ಸಿಕ್ಕಿತು, ಕಲ್ಲು ಬಿತ್ತು, ಉಸುಕು ಬಿತ್ತು. ಮುಂದಿನ ಮಳೆಗೆ ನಮ್ಮದೂ ಎರಡೇ ದಿನದಲ್ಲಿ ಖಾಲಿಯಾಯಿತು. ಖಾಲಿ ತಗ್ಗು ನೋಡಿ ಅಷ್ಟು ಖುಷಿಪಟ್ಟವನು ಈ ಸೀಮೆಯಲ್ಲಿ ನಾನೊಬ್ಬನೇ ಇರಬೇಕು. ಆದರೂ ಜನ ನೋಡಿದ್ದು ಅಕ್ಕೋರ ತೋಟ, ಹೊಗಳಿದ್ದು ಅಕ್ಕೋರನ್ನು. ಸರಸಂಬಾದವರು ಬಂದರೂ ಅಫಜಲಪುರದವರು ಬಂದರೂ ಟಂಟಂ ನಿಲ್ಲುತ್ತಿದ್ದುದು ಬಾವಿ ಓಣಿಯಲ್ಲಿ.

ಮಳೆಗಾಲ ಮುಗಿಯಿತು. ಬಾವಿಗೆ ಮತ್ತೆ ಬಾಟಲಿ ಇಡುವ ದಿನ ಬಂತು. ಊರಿನ ಹೆಂಗಸರೆಲ್ಲ ಹಗ್ಗ, ಕೊಡ ತೊಳೆದಿಟ್ಟುಕೊಂಡಿದ್ದರು. ಆಯಿ ತೊಗರಿಬೇಳೆ ಆರಿಸಿ ಮೊರದಲ್ಲಿಟ್ಟುಕೊಂಡು ಕಾಯುತ್ತಿದ್ದಳು. ವರ್ಷದ ಮೇಲಾಗಿತ್ತು ಆಕೆ ಮೆತ್ತನೆ ಬೇಳೆ ಉಂಡು.

ಅಕ್ಕೋರು ಬಾವಿ ನೀರು ಬಾಟಲಿಗೆ ತುಂಬಿ ಪಂಚಾಯಿತಿ ಕಿಟಕಿಯಲ್ಲಿಟ್ಟರು. ನನ್ನ ಹೊಟ್ಟೆಕಿಚ್ಚು ಸುಮ್ಮನಿರಲಿಲ್ಲ. ಸಾಹೇಬರನ್ನು ಕಾಡಿ ನಾನೂ ಒಂದು ಬಾಟಲಿ ಇಸಿದುಕೊಂಡೆ. ಎಲ್ಲರೂ ಹೋದ ಮೇಲೆ ನಾನೇ ಬಾವಿಯಿಂದ ನೀರು ಸೇದಿ, ಮನೆಗೆ ತಂದು, ಗೆರೆಯವರೆಗೆ ತುಂಬಿ, ದೇವರ ಗೂಡಿನ ಪಕ್ಕ ಇಟ್ಟೆ. ಏನು ಬೇಡಿಕೊಂಡೆ ಎಂದು ಕೇಳಬೇಡಿ. ಊರಿಗೆ ಒಳ್ಳೆಯದಾಗಲಿ ಎಂದಂತೂ ಬೇಡಿಕೊಳ್ಳಲಿಲ್ಲ.

ಮರುದಿನ ನೋಡಿದರೆ ಕರ್ರಗೆ!

ಕುಣಿಯುವುದೊಂದು ಬಾಕಿ. ಸಮುದಾಯ ಭವನದಲ್ಲಿ ಊರೆಲ್ಲ ಸೇರಿತ್ತು. ಅಕ್ಕೋರು ತಮ್ಮ ಬಾಟಲಿ ಎತ್ತಿ ತೋರಿಸಿದರು. ಕರ್ರಗಾಗಿರಲಿಲ್ಲ. ಹೆಂಗಸರು ಚಪ್ಪಾಳೆ ತಟ್ಟಲು ಕೈ ಎತ್ತಿದ್ದರು, ಅಷ್ಟರಲ್ಲಿ ನಾನು ಎದ್ದು ನಿಂತು ಅಂಗಿಯ ಜೇಬಿನಿಂದ ನನ್ನ ಬಾಟಲಿ ತೆಗೆದೆ.

"ನಿಂದರ್ರಿ. ಇದೂ ಅದೇ ಬಾವಿ, ಅದೇ ದಿನದ ನೀರು. ಈಗೇನಂತೀರಿ?"

ಎತ್ತಿದ ಕೈಗಳು ಇಳಿದವು. ಹಿಂದೆ ಯಾರೋ "ಹಂಗಾರ ಇನ್ನೊಂದು ವರ್ಷ" ಎಂದು ನಿಟ್ಟುಸಿರು ಬಿಟ್ಟರು. ಆಯಿ ತೊಡೆಯ ಮೇಲಿದ್ದ ಬೇಳೆಯ ಮೊರಕ್ಕೆ ಸೆರಗು ಮುಚ್ಚಿದಳು. ಅಕ್ಕೋರ ಮುಖ ಬಾಡಿತು. ಎರಡು ಬಾಟಲಿಯನ್ನೂ ಪಕ್ಕ ಪಕ್ಕ ಇಟ್ಟುಕೊಂಡು ನೋಡುತ್ತಿದ್ದರು. ಇದೇ ಮುಖ ನೋಡಬೇಕೆಂದು ನಾನು ವರ್ಷದಿಂದ ಕಾದಿದ್ದೆ. ನೋಡಿದ ಮೇಲೆ ಯಾಕೋ ಜೇಬಿನಲ್ಲೇ ಬಿಟ್ಟಿದ್ದರೆ ಚೆನ್ನಾಗಿತ್ತು ಅನಿಸಿತು. ಆದರೆ ತೆಗೆದಾಗಿತ್ತು.

ಅಕ್ಕೋರು ತಲೆ ಎತ್ತಿದರು. "ಕಾಕಾ, ಬಾವಿಯಿಂದ ಮನಿಗಿ ನೀರು ಯಾವುದರಾಗ ತಂದ್ರಿ?"

"ನನ್ನ ನೀರಿನ ಬಾಟಲ್ಯಾಗ."

"ಯಾವ ಬಾಟಲಿ?"

"ಅದೇ, ದಿನಾ ಗಾಡಿಗಿ ತೂಗಹಾಕತೇನಲ್ಲ, ಹಸಿರಂದು. ಅದರಾಗೇ ನೀರು ಕುಡಿತೇನಿ."

"ಅದನ್ನ ಯಾವಾಗ ತೊಳದಿದ್ರಿ ಕಾಕಾ?"

ನಾನು ಯೋಚಿಸಿದೆ. ನಿಜವಾಗಿಯೂ ಯೋಚಿಸಿದೆ. ಆ ಬಾಟಲಿ ತಂದದ್ದು ನೆನಪಿತ್ತು, ಅದರ ಮುಚ್ಚಳ ಕಳೆದು ಇನ್ನೊಂದು ಹಾಕಿದ್ದು ನೆನಪಿತ್ತು. ತೊಳೆದದ್ದು ನೆನಪಾಗಲಿಲ್ಲ. "ಅದರಾಗ ದಿನಾ ನೀರೇ ಹಾಕತೇನಲ್ಲ, ನೀರಿಗಿ ಮತ್ತ್ಯಾಕ ನೀರಿನ ತೊಳಿಯಾಟ?" ಎಂದೆ.

ಸಾಹೇಬರು ಎದ್ದು ಬಂದರು. ಹಸಿರು ಬಾಟಲಿ ತರಿಸಿದರು. ಅಂಗಡಿಯಿಂದ ಸೀಲು ಒಡೆಯದ ಶುದ್ಧ ನೀರು ತರಿಸಿ ಅದರಲ್ಲಿ ಹಾಕಿ, ಅಲ್ಲಾಡಿಸಿ, ಒಂದು ಪರೀಕ್ಷೆ ಬಾಟಲಿಗೆ ತುಂಬಿಸಿದರು. ಅಕ್ಕೋರು ಮತ್ತೊಂದಕ್ಕೆ ಎಲ್ಲರ ಎದುರು ಬಾವಿಯಿಂದ ನೇರ ನೀರು ತುಂಬಿದರು. ಎರಡನ್ನೂ ಕಿಟಕಿಯಲ್ಲಿಟ್ಟು ಬೀಗ ಹಾಕಿದರು. "ನಾಳಿ ಇದೇ ಹೊತ್ತಿಗಿ" ಎಂದರು ಸಾಹೇಬರು.

ಮರುದಿನ ಬಂದಷ್ಟು ಜನ ಚುನಾವಣೆಗೂ ಬಂದಿರಲಿಲ್ಲ. ನರೋಣಾದಲ್ಲಿ ಇಳಿಯಬೇಕಾದವರೂ ಇಲ್ಲೇ ಬಸ್ಸಿಳಿದರು. ಸಾಹೇಬರು ಕಿಟಕಿ ತೆಗೆದರು. ಬಾವಿಯ ನೀರು ಕರ್ರಗಾಗಿರಲಿಲ್ಲ. ನನ್ನ ಹಸಿರು ಬಾಟಲಿಯಲ್ಲಿ ಹೊರಳಿ ಬಂದ ಶುದ್ಧ ನೀರು ಮಾತ್ರ ಮಸಿಯಾಗಿತ್ತು. ಇಪ್ಪತ್ತೆರಡು ವರ್ಷ ಊರಿನ ನೀರಿಗೆ ತೀರ್ಪು ಕೊಟ್ಟವನು ನಾನು. ಹೊಲಸು ಇದ್ದುದು ನನ್ನ ಬಾಟಲಿಯಲ್ಲಿ.

ಜನ ನಕ್ಕ ರೀತಿ ಬರೆಯುವಂಥದಲ್ಲ. ನನ್ನ ಹೆಂಡತಿ ಎಲ್ಲರಿಗಿಂತ ಮೊದಲು ನಕ್ಕಳು, ಎಲ್ಲರಿಗಿಂತ ಕೊನೆಗೆ ನಿಲ್ಲಿಸಿದಳು. ನಾನು ಗೋಡೆ ಹಿಡಿದು ಹೊರಗೆ ಜಾರುವುದರಲ್ಲಿದ್ದೆ. ಆಯಿಯ ಕೋಲು ಅಡ್ಡ ಬಂತು.

"ಎಲ್ಲಿ ಹೊಂಟಿ? ನಾಲಿಗಿ ತೋರಸು."

"ಈಗ ನೇರಳಿಹಣ್ಣಿನ ಕಾಲ ಅಲ್ಲ, ಆಯಿ."

"ಅದಕ್ಕ ತೋರಸು ಅಂದೆ."

ತೋರಿಸಿದೆ. ಆಯಿ ಕಣ್ಣು ಕಿರಿದು ಮಾಡಿ ನೋಡಿ, "ಬದುಕತಾನ" ಎಂದಳು.

ಕೆಂಪು ಹಲಗೆ ಇಳಿಯಿತು. ಜಾಳಿಗೆ ಸರಿಯಿತು. ಮೊದಲ ಕೊಡವನ್ನು ಅಕ್ಕೋರೇ ಸೇದಿದರು. ಎಲ್ಲರೂ ಅವರು ಕುಡಿಯಲಿ ಎಂದು ನೋಡುತ್ತಿದ್ದರೆ, ಅವರು ತೊಳೆದ ಸ್ಟೀಲ್ ಲೋಟದಲ್ಲಿ ನೀರು ಬಗ್ಗಿಸಿ ನನ್ನ ಮುಂದೆ ಹಿಡಿದರು.

"ಕಾಕಾ, ಬಾಟಲಿ ಹೊಲಸು ಅದ ಇಲ್ಲ ಅಷ್ಟೇ ಹೇಳತದ. ಸಿಹಿ ಅದ ಇಲ್ಲ ಅನ್ನೂದು ಅದಕ್ಕ ತಿಳಿಯೂದಿಲ್ಲ. ಅದು ನೀವೇ ಹೇಳಬೇಕು."

ಈ ಹೆಣ್ಣುಮಗಳ ಮೇಲೆ ಇಷ್ಟು ದಿನ ಉರಿದುಕೊಂಡೆನಲ್ಲ ಎಂದು ನಾಚಿಕೆಯಾಯಿತು. ಲೋಟ ತೆಗೆದುಕೊಂಡು, ಕಣ್ಣು ಮುಚ್ಚಿ, ನೀರನ್ನು ನಾಲಿಗೆಯ ಮೇಲೆ ಹೊರಳಿಸಿದೆ. ಖರೇ ಹೇಳುತ್ತೇನೆ, ನನ್ನ ಜನ್ಮದಲ್ಲಿ ಅಂಥ ನೀರು ಕುಡಿದಿಲ್ಲ. ಇನ್ನೊಂದು ಲೋಟ ಕೇಳಿದೆ. ಅದೂ ಮುಗಿಯಿತು. ಮೂರನೆಯದನ್ನೂ ಗಟಗಟ ಇಳಿಸಿ ಕಣ್ಣು ಬಿಟ್ಟೆ. ಊರೆಲ್ಲ ನನ್ನ ಬಾಯಿಯನ್ನೇ ನೋಡುತ್ತಿತ್ತು. ಅಕ್ಕೋರ ಮುಖದಲ್ಲಿ ಮತ್ತೆ ಆ ನಗು. ಅದನ್ನು ನೋಡಿದ್ದೇ ತಡ, ಒಳಗೆ ಆರಿದ್ದ ಕಿಚ್ಚಿನ ಒಂದು ಕಿಡಿ ಎಲ್ಲಿಂದಲೋ ಹೊತ್ತಿಕೊಂಡಿತು.

"ನಡೀತದ" ಎಂದೆ.

ಆಯಿ ನನ್ನ ಕೈಯಿಂದ ಲೋಟ ಕಸಿದುಕೊಂಡಳು. "ಯವ್ವಾ, ಲಗೂನ ನನ್ನ ಬ್ಯಾಳಿಗಿ ಒಂದ ಕೊಡ ಸೇದಿ ಕೊಡ್ರವ್ವಾ. ಇಂವ 'ನಡೀತದ' ಅಂತ ಮೂರು ಲೋಟ ಕುಡಿದ. 'ಚಲೋ ಅದ' ಅನ್ನಾಕ ಮನಸು ಮಾಡಿದ್ನಂದ್ರ ಬಾವ್ಯಾಗ ನೀರೇ ಉಳಿಯೂದಿಲ್ಲ!"